ಐವತ್ತೊಂದನೆಯ ರವಿಕೆ ಮತ್ತು ವಿನ್ಯಾಸಗಾರ್ತಿಯ ಅನುಮತಿ

ಹೊಲಿಗೆ ಮತ್ತು ಕಸೂತಿಯ ನಮೂನೆಗಳನ್ನು ರಚಿಸಿ ಮಾರುವವರು ಹಾಳೆಯ ಮೂಲೆಯಲ್ಲಿಯೋ ಪಿಡಿಎಫ್ ಕಡತದ ಕೊನೆಯ ಪುಟದಲ್ಲಿಯೋ ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂಬ ಸಾಲೊಂದನ್ನು ಸೇರಿಸುವುದು ಈಗ ರೂಢಿಯಾಗಿದ್ದು, ಆ ನಮೂನೆಯನ್ನು ಕೊಂಡ ದರ್ಜಿಗಳು, ಬೊಟಿಕ್ ನಡೆಸುವವರು ಮತ್ತು ಮನೆಯಲ್ಲೇ ಕುಳಿತು ರವಿಕೆಗೆ ಆರಿ ಕೆಲಸ ಮಾಡಿಕೊಡುವ ಮಹಿಳೆಯರು ಆ ಸಾಲನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ತಿಳಿಯದೆಯೇ ಕೆಲಸ ಮುಂದುವರಿಸುತ್ತಾರೆ. ಹಾಳೆಯನ್ನು ನಕಲು ಮಾಡುವುದು, ಹಾಳೆಯಲ್ಲಿರುವುದನ್ನು ಬಟ್ಟೆಗೆ ಇಳಿಸುವುದು, ಹಾಗೆ ಸಿದ್ಧವಾದ ಉಡುಪನ್ನು ಮಾರುವುದು ಎಂಬ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಮಾತಿನಲ್ಲಿ ನಿರ್ಬಂಧಿಸಲು ಹೊರಡುವುದೇ ಆ ಸಾಲಿನ ದೋಷ. ಭಾರತದ ಕಾನೂನು ಈ ಮೂರಕ್ಕೂ ಒಂದೇ ಉತ್ತರ ಕೊಡುವುದಿಲ್ಲ. ಮೇಲಾಗಿ, ಧಾರಾಳವಾಗಿ ಅನುಮತಿ ಕೊಟ್ಟ ವಿನ್ಯಾಸಗಾರ್ತಿಯೇ ಕೊನೆಗೆ ತನ್ನ ಹಕ್ಕನ್ನು ಕಳೆದುಕೊಳ್ಳುವಂಥ ತೊಡಕೊಂದು ಆ ಕಾನೂನಿನೊಳಗೇ ಇದೆ.

ಇವುಗಳಲ್ಲಿ ಹಾಳೆಯ ವಿಚಾರ ಹೆಚ್ಚು ಸರಳವಾದದ್ದು. ಉಡುಪಿನ ಭಾಗಗಳನ್ನು ಅಳತೆಗೆ ತಕ್ಕಂತೆ ಬರೆದು, ಎಲ್ಲಿ ಕತ್ತರಿಸಬೇಕು, ಎಲ್ಲಿ ಜೋಡಿಸಬೇಕು ಎಂಬ ಸೂಚನೆಗಳೊಂದಿಗೆ ಅಚ್ಚು ಹಾಕಿದ ಹಾಳೆ, ಅಂದರೆ ಪ್ಯಾಟರ್ನ್, ಮುದ್ರಿತ ವಸ್ತುವಾಗಿಯೇ ಪರಿಗಣಿತವಾಗುತ್ತದೆ. ವಿನ್ಯಾಸಗಳ ನೋಂದಣಿ ಕಚೇರಿಯು ನೋಂದಣಿಗೆ ಅರ್ಹವಲ್ಲದ ವಸ್ತುಗಳೆಂದು ಪಟ್ಟಿ ಮಾಡಿರುವ ಕ್ಯಾಲೆಂಡರ್, ಶುಭಾಶಯ ಪತ್ರ, ಅಂಚೆಚೀಟಿಗಳ ಸಾಲಿನಲ್ಲಿಯೇ ಉಡುಪು ಹೊಲಿಯುವ ಪ್ಯಾಟರ್ನ್‌ಗಳೂ ಇವೆ. ಆದ್ದರಿಂದ ಅದರಲ್ಲಿನ ರೇಖಾಚಿತ್ರ ಮತ್ತು ಬರಹಕ್ಕೆ ಅನ್ವಯಿಸುವುದು 1957ರ ಕೃತಿಸ್ವಾಮ್ಯ ಕಾಯ್ದೆ. ಕೃತಿಸ್ವಾಮ್ಯ ಎಂದರೆ ಒಂದು ಸ್ವಂತ ರಚನೆಯನ್ನು ನಕಲು ಮಾಡುವ ಮತ್ತು ಪ್ರಕಟಿಸುವ ಏಕಮಾತ್ರ ಹಕ್ಕು. ಅದು ರಚಿಸಿದವರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ, ಅದಕ್ಕೆ ನೋಂದಣಿಯ ಅಗತ್ಯವೂ ಇಲ್ಲ. ಇಂತಹ ಹಾಳೆಯ ಒಂದು ಪ್ರತಿಯನ್ನು ಕೊಂಡು ಅದರ ಜೆರಾಕ್ಸ್‌ಗಳನ್ನು ತರಬೇತಿ ತರಗತಿಯಲ್ಲಿ ಮಾರುವುದಾಗಲಿ, ಪಿಡಿಎಫ್ ಕಡತವನ್ನು ನೂರಾರು ಜನರಿರುವ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುವುದಾಗಲಿ ಈ ಹಕ್ಕಿನ ಉಲ್ಲಂಘನೆ. ಆದರೆ ಅದೇ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ ಅಥವಾ ವೈಯಕ್ತಿಕ ಉದ್ದೇಶದ ನ್ಯಾಯೋಚಿತ ಬಳಕೆಗೆ ವಿನಾಯಿತಿ ಕೊಡುವುದರಿಂದ, ಕೊಂಡ ಹಾಳೆ ಹರಿಯದಿರಲಿ ಎಂದು ಅದನ್ನು ಬೇರೆ ಕಾಗದದ ಮೇಲೆ ತೆಗೆದುಕೊಂಡು ತನಗಾಗಿ ಬಟ್ಟೆ ಕತ್ತರಿಸುವವರು ಯಾರ ಅನುಮತಿಗೂ ಕಾಯಬೇಕಾಗಿಲ್ಲ. ದುಡ್ಡು ಕೊಟ್ಟು ಕೊಂಡ ಮೂಲ ಹಾಳೆಯನ್ನೇ ಇನ್ನೊಬ್ಬರಿಗೆ ಮಾರುವುದಕ್ಕೂ ಅಡ್ಡಿಯಿಲ್ಲ, ಏಕೆಂದರೆ ಒಮ್ಮೆ ಚಲಾವಣೆಗೆ ಬಂದ ಪ್ರತಿಯ ಮೇಲೆ ಕಲಾಕೃತಿಯ ಒಡೆಯರ ವಿತರಣೆಯ ಹಕ್ಕು ಮುಗಿದಿರುತ್ತದೆ.

ಹಾಳೆಯಿಂದ ಕತ್ತರಿಯತ್ತ ಬಂದಾಗ ಚಿತ್ರ ಬದಲಾಗುತ್ತದೆ. ಕಟೋರಿ ರವಿಕೆಯ ಡಾರ್ಟ್ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಬೇಕು, ತೋಳಿನ ಸುತ್ತಿಗೆ ಎಷ್ಟು ಬಟ್ಟೆ ಬಿಡಬೇಕು, ಬೆನ್ನಿನ ಭಾಗವನ್ನು ಯಾವ ಕೋನದಲ್ಲಿ ಇಳಿಸಬೇಕು ಎಂಬುದೆಲ್ಲ ವಿಧಾನಕ್ಕೆ ಸೇರಿದ ತಿಳಿವಳಿಕೆಯಾಗಿದ್ದು, ಕೃತಿಸ್ವಾಮ್ಯವು ವಿಚಾರವನ್ನೂ ವಿಧಾನವನ್ನೂ ಕಾಯುವುದಿಲ್ಲ, ಅವುಗಳ ಅಭಿವ್ಯಕ್ತಿಯನ್ನಷ್ಟೇ ಕಾಯುತ್ತದೆ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ 1978ರ ಆರ್.ಜಿ. ಆನಂದ್ ಪ್ರಕರಣದಲ್ಲಿಯೇ ಸ್ಪಷ್ಟಪಡಿಸಿದೆ. ತಾಂತ್ರಿಕ ರೇಖಾಚಿತ್ರದಿಂದ ಕೇವಲ ಉಪಯೋಗಕ್ಕೆ ಬೇಕಾದ ಭಾಗವನ್ನು ತಯಾರಿಸುವುದು ಉಲ್ಲಂಘನೆಯಾಗದು ಎಂಬ ಮಾತೂ 2012ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿದೆ. ಗಿರಾಕಿ ತಂದುಕೊಟ್ಟ ಅಳತೆ ರವಿಕೆಯನ್ನು ಮೇಜಿನ ಮೇಲೆ ಹರವಿ ಅದರಂತೆಯೇ ಇನ್ನೊಂದನ್ನು ಕತ್ತರಿಸುವುದನ್ನೇ ಆಧರಿಸಿ ನಿಂತಿರುವ ದರ್ಜಿ ಕಸುಬಿಗೆ ಈ ಸ್ವಾತಂತ್ರ್ಯವೇ ಜೀವಾಳ. ಹೀಗಾಗಿ ಅಲಂಕಾರವಿಲ್ಲದ, ಬರೀ ಕಟಿಂಗ್‌ನ ಪ್ಯಾಟರ್ನ್ ಮೇಲೆ ‘ಇದರಿಂದ ಹೊಲಿದದ್ದನ್ನು ಮಾರಬಾರದು’ ಎಂದು ಬರೆದರೆ, ವಿಶೇಷವಾದ ಆಕಾರವನ್ನು ನೋಂದಾಯಿಸಿಲ್ಲದ ಪಕ್ಷದಲ್ಲಿ, ಆ ಮಾತಿಗೆ ಕೃತಿಸ್ವಾಮ್ಯದ ಬಲ ಸಿಗುವುದು ಕಷ್ಟ. ಅದು ನಿಂತರೆ ಒಪ್ಪಂದದ ಬಲದಿಂದ ನಿಲ್ಲಬೇಕು. ಒಪ್ಪಂದಕ್ಕೆ ಎರಡೂ ಕಡೆಯವರು ಷರತ್ತನ್ನು ಅರಿತು ಒಪ್ಪಿರಬೇಕಾಗುತ್ತದೆ. ದುಡ್ಡು ಕೊಟ್ಟು, ಲಕೋಟೆ ಒಡೆದ ಮೇಲೆ ಕಣ್ಣಿಗೆ ಬೀಳುವ ಷರತ್ತು ಆ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲಲಾರದು.

ಕಸೂತಿಯ ವಿಷಯದಲ್ಲಿ ವಿನ್ಯಾಸಗಾರ್ತಿಯ ಹಕ್ಕು ಇದಕ್ಕಿಂತ ಗಟ್ಟಿಯಾದದ್ದು. ಬಳ್ಳಿ, ಹೂವು, ಹಕ್ಕಿಗಳನ್ನು ತನ್ನದೇ ಆದ ರೀತಿಯಲ್ಲಿ ಹೆಣೆದು ಬರೆದ ಚಿತ್ರವು ಕಾಯ್ದೆಯ ಅರ್ಥದಲ್ಲಿ ಕಲಾಕೃತಿಯಾಗಿದ್ದು, ಅದನ್ನು ಯಾವುದೇ ಭೌತಿಕ ರೂಪದಲ್ಲಿ ಮರುಸೃಷ್ಟಿಸುವ ಹಕ್ಕು ಆಕೆಯದೇ ಆಗಿರುತ್ತದೆ. ದಾರದಲ್ಲಿ ಮೂಡಿದ ಚಿತ್ರವೂ ಮರುಸೃಷ್ಟಿಯೇ. ಕೈಕಸೂತಿಯಲ್ಲಿ ಟ್ರೇಸಿಂಗ್ ಹಾಳೆಯ ಮೇಲೆ ಬರೆದ ಚಿತ್ರದ ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಮಾಡಿ, ಹಾಳೆಯನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಅರಿವೆಯ ಉಂಡೆಯಿಂದ ಉಜ್ಜಿದರೆ ಚುಕ್ಕಿಗಳ ಸಾಲಾಗಿ ಚಿತ್ರ ಕೆಳಗಿಳಿಯುತ್ತದೆ, ಮತ್ತು ಆ ಒಂದೇ ಹಾಳೆಯನ್ನು ಮತ್ತೆ ಮತ್ತೆ ಬಳಸಬಹುದಾಗಿರುತ್ತದೆ. ಕಂಪ್ಯೂಟರ್ ಕಸೂತಿಯಲ್ಲಿ ಇದೇ ಜಾಗದಲ್ಲಿ ಪಂಚಿಂಗ್ ಇದೆ: ಯಾವ ಹೊಲಿಗೆ ಎಲ್ಲಿಂದ ಎಲ್ಲಿಗೆ, ಎಷ್ಟು ದಟ್ಟವಾಗಿ, ಯಾವ ಬಣ್ಣದ ದಾರದಲ್ಲಿ ಓಡಬೇಕೆಂದು ಸೂಚಿಸಿ ಯಂತ್ರವು ಓದಬಲ್ಲ ಡಿಎಸ್‌ಟಿಯಂತಹ ಕಡತವನ್ನು ಸಿದ್ಧಪಡಿಸುವ ಕೆಲಸ ಅದು. ವಿದ್ಯುನ್ಮಾನ ಮಾಧ್ಯಮದಲ್ಲಿ ಸಂಗ್ರಹಿಸುವುದನ್ನೂ ಕಾಯ್ದೆಯು ಮರುಸೃಷ್ಟಿಯೆಂದೇ ಎಣಿಸುವುದರಿಂದ, ಬೇರೊಬ್ಬರ ಚಿತ್ರವನ್ನು ಫೋಟೊ ತೆಗೆದು ಪಂಚಿಂಗ್ ಮಾಡಿಸಿ ಆ ಕಡತವನ್ನು ಮಾರುವವರು, ಒಂದು ಹೊಲಿಗೆ ಹಾಕುವ ಮೊದಲೇ, ಅನುಮತಿ ಬೇಕಾದ ಕೆಲಸವನ್ನು ಅನುಮತಿಯಿಲ್ಲದೆ ಮಾಡಿರುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ವಿನ್ಯಾಸಗಾರ್ತಿಗೆ ನೆಮ್ಮದಿಯಿರುತ್ತಿತ್ತು. ಆದರೆ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 15(2) ಹೇಳುವಂತೆ, 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟ ವಿನ್ಯಾಸವನ್ನು ಒಂದು ವಸ್ತುವಿಗೆ ಅಳವಡಿಸಿ, ಕೈಗಾರಿಕಾ ಪ್ರಕ್ರಿಯೆಯಿಂದ 50ಕ್ಕಿಂತ ಹೆಚ್ಚು ಬಾರಿ ತಯಾರಿಸಿದ ಕೂಡಲೇ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ವಿನ್ಯಾಸ ಎಂದರೆ ಇಲ್ಲಿ ವಸ್ತುವಿನ ಕಣ್ಣಿಗೆ ಕಾಣುವ ಆಕಾರ, ಚಿತ್ತಾರ, ಅಲಂಕಾರ ಅಥವಾ ಬಣ್ಣ–ಗೆರೆಗಳ ಸಂಯೋಜನೆ. ಅದನ್ನು ಅಳವಡಿಸುವ ಕೈಗಾರಿಕಾ ವಿಧಾನವು ಯಂತ್ರದ್ದಾಗಿರಬಹುದು, ರಾಸಾಯನಿಕವಾಗಿರಬಹುದು, ಕೈಯದೂ ಆಗಿರಬಹುದು ಎಂದು ವಿನ್ಯಾಸ ಕಾಯ್ದೆಯ ವ್ಯಾಖ್ಯೆಯೇ ಹೇಳುವುದರಿಂದ, ಕೈಕಸೂತಿ ಎಂಬ ಕಾರಣಕ್ಕೆ ಈ ಲೆಕ್ಕದಿಂದ ತಪ್ಪಿಸಿಕೊಳ್ಳಬಹುದೆಂದು ನೆಚ್ಚಿ ಕೂರುವಂತಿಲ್ಲ.

ಈ ಸಂಖ್ಯೆ ಎಷ್ಟು ನಿರ್ಣಾಯಕವೆಂಬುದನ್ನು ದೆಹಲಿ ಹೈಕೋರ್ಟಿನ ಎರಡು ತೀರ್ಪುಗಳು ತೋರಿಸುತ್ತವೆ. 2008ರಲ್ಲಿ ತಹಿಲಿಯಾನಿ ಡಿಸೈನ್ ಸಂಸ್ಥೆಯ ಪ್ರಕರಣದಲ್ಲಿ, ಉಡುಪುಗಳಿಗಾಗಿ ಬರೆದ ರೇಖಾಚಿತ್ರಗಳು ಮತ್ತು ಅಲಂಕರಣದ ನಮೂನೆಗಳು ಕಲಾಕೃತಿಗಳೆಂದು ಒಪ್ಪಿದ ವಿಭಾಗೀಯ ಪೀಠವು, ತಯಾರಿಕೆ 50ರ ಮಿತಿಯೊಳಗೇ ಇದ್ದುದರಿಂದ ಸಂಸ್ಥೆಯ ಹಕ್ಕನ್ನು ಎತ್ತಿಹಿಡಿಯಿತು. 2016ರಲ್ಲಿ ರಿತು ಕುಮಾರ್ ಬ್ರ್ಯಾಂಡ್‌ನ ಒಡೆತನ ಹೊಂದಿದ್ದ ರಿತಿಕಾ ಸಂಸ್ಥೆಯು ಬೀಬಾ ಸಂಸ್ಥೆಯ ವಿರುದ್ಧ ಹೂಡಿದ್ದ ದಾವೆಯಲ್ಲಿ, ನೋಂದಾಯಿಸದ ವಿನ್ಯಾಸದಿಂದ 50ಕ್ಕಿಂತ ಹೆಚ್ಚು ಉಡುಪುಗಳು ತಯಾರಾದ ಮೇಲೆ ಕೃತಿಸ್ವಾಮ್ಯ ಉಳಿಯದೆಂದು ಅದೇ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ದ್ರವೀಕೃತ ಅನಿಲ ಸಾಗಿಸುವ ಟ್ರೇಲರ್‌ಗಳ ರೇಖಾಚಿತ್ರಕ್ಕೆ ಸಂಬಂಧಿಸಿದ ಕ್ರಯೋಗ್ಯಾಸ್–ಐನಾಕ್ಸ್ ಪ್ರಕರಣದಲ್ಲಿ, ರಚನೆಯೊಂದು ಶುದ್ಧ ಕಲಾಕೃತಿಯೋ ಅಥವಾ ಕಲಾಕೃತಿಯಿಂದ ಹುಟ್ಟಿ ಕೈಗಾರಿಕಾ ಪ್ರಕ್ರಿಯೆಗೆ ಒಳಗಾದ ವಿನ್ಯಾಸವೋ ಎಂಬುದನ್ನು ಮೊದಲು ನಿರ್ಧರಿಸಿ, ಅನಂತರ ಅದರ ಪ್ರಧಾನ ಉದ್ದೇಶ ಉಪಯೋಗವೋ ಸೌಂದರ್ಯವೋ ಎಂದು ಪರೀಕ್ಷಿಸಬೇಕೆಂಬ ಕ್ರಮವನ್ನು ಹಾಕಿಕೊಟ್ಟಿತು. ಗೋಡೆಗೆ ತೂಗುಹಾಕಲೆಂದೇ ಮಾಡಿದ ಕಸೂತಿಯ ಚಿತ್ರಪಟಕ್ಕೂ ರವಿಕೆಯ ತೋಳಿಗೆಂದು ಬರೆದ ಬಳ್ಳಿಗೂ ಈ ಪರೀಕ್ಷೆಯಲ್ಲಿ ಬೇರೆ ಬೇರೆ ಫಲ ಸಿಗುವ ಸಾಧ್ಯತೆಯಿದೆ.

ಅನುಮತಿಯ ಪ್ರಶ್ನೆಗೆ ಅತ್ಯಂತ ಮುಖ್ಯವಾದದ್ದು ಸೆಕ್ಷನ್ 15(2)ರ ಇನ್ನೊಂದು ಮಾತು. ಒಡೆಯರು ತಾವೇ ತಯಾರಿಸಿದವುಗಳ ಜೊತೆಗೆ, ಅವರ ಪರವಾನಗಿ ಪಡೆದು ಬೇರೆಯವರು ತಯಾರಿಸಿದವೂ ಆ 50ರ ಲೆಕ್ಕಕ್ಕೆ ಸೇರುತ್ತವೆ. ಒಬ್ಬ ವಿನ್ಯಾಸಗಾರ್ತಿ ತನ್ನ ಕಸೂತಿಯ ನಮೂನೆಯನ್ನು ಹತ್ತು ಜನರಿಗೆ ಮಾರಿ, ‘ತಲಾ ಆರು ರವಿಕೆ ಮಾಡಿ ಮಾರಿಕೊಳ್ಳಬಹುದು’ ಎಂದು ಒಪ್ಪಿಗೆ ಕೊಟ್ಟಳೆನ್ನೋಣ. ಅವರೆಲ್ಲರೂ ಪ್ರಾಮಾಣಿಕವಾಗಿ ಮಿತಿಯೊಳಗೇ ನಡೆದುಕೊಂಡರೂ ಒಟ್ಟು ಸಂಖ್ಯೆ 60 ಆಗುವುದರಿಂದ, 51ನೆಯ ರವಿಕೆ ಸಿದ್ಧವಾದ ಗಳಿಗೆಯಲ್ಲಿ ಆಕೆ ಅದನ್ನು ಅರಿಯದೆಯೇ ತನ್ನ ಹಕ್ಕನ್ನು ಕಳೆದುಕೊಂಡಿರುತ್ತಾಳೆ. ಅನುಮತಿ ಕೇಳದೆ ಯಂತ್ರದಲ್ಲಿ ಸಾವಿರ ಪ್ರತಿ ತೆಗೆಯುವವರನ್ನು ತಡೆಯಲು ಆಮೇಲೆ ಕೃತಿಸ್ವಾಮ್ಯ ಆಕೆಯ ಕೈಹಿಡಿಯುವುದಿಲ್ಲ. ಸಣ್ಣ ಕಸುಬುದಾರರೊಂದಿಗೆ ತನ್ನ ಕೆಲಸವನ್ನು ಹಂಚಿಕೊಂಡವಳು ಸೋಲುತ್ತಾಳೆ, ಯಾರಿಗೂ ಕೊಡದೆ ಕೆಲವೇ ದುಬಾರಿ ಉಡುಪುಗಳನ್ನು ಮಾಡಿದ ಸಂಸ್ಥೆ ಗೆಲ್ಲುತ್ತದೆ.

ಈ ನಿಯಮಕ್ಕೆ ಸಮರ್ಥನೆಯೇ ಇಲ್ಲವೆನ್ನಲಾಗದು. ಮಾರುಕಟ್ಟೆಯ ಸರಕುಗಳ ಚಿತ್ತಾರಗಳಿಗೆಲ್ಲ ಜೀವಿತಾವಧಿ ಮತ್ತು 60 ವರ್ಷಗಳ ಏಕಸ್ವಾಮ್ಯ ಸಿಕ್ಕರೆ ಜವಳಿ ಉದ್ಯಮವೇ ಕಟ್ಟುಬೀಳುತ್ತದೆಂಬ ಎಚ್ಚರದಿಂದ, ಕೈಗಾರಿಕಾ ವಿನ್ಯಾಸಕ್ಕೆ 10 ವರ್ಷ ಮತ್ತು ನವೀಕರಿಸಿದರೆ ಇನ್ನು 5 ವರ್ಷಗಳ ಕಿರು ಅವಧಿಯನ್ನು ಸಂಸತ್ತು ಗೊತ್ತುಪಡಿಸಿದೆ. ಆದರೆ ಆ ಕಿರು ಅವಧಿಯನ್ನು ಪಡೆಯುವ ದಾರಿ ಸಣ್ಣವರಿಗೆ ಎಟುಕುವಂತಿಲ್ಲ. ವಿನ್ಯಾಸವು ಅರ್ಜಿ ಹಾಕುವ ಮೊದಲು ಎಲ್ಲಿಯೂ ಪ್ರಕಟವಾಗಿರಬಾರದು. ಗಿರಾಕಿಗಳಿಗೆ ತೋರಿಸಲೆಂದು ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಒಂದು ಚಿತ್ರವೂ ಅದರ ಹೊಸತನವನ್ನು ಕೆಡಿಸಬಲ್ಲದು. ಬೇರೆ ಬೇರೆ ವರ್ಗದ ವಸ್ತುಗಳಿಗೆ ಬೇರೆ ಬೇರೆ ಅರ್ಜಿ ಬೇಕು. ಇಷ್ಟೆಲ್ಲ ಮಾಡಿದ ಮೇಲೂ, ನಷ್ಟವನ್ನು ಸಾಬೀತುಪಡಿಸುವ ದೀರ್ಘ ದಾರಿಯನ್ನು ಬಿಟ್ಟು ಕಾಯ್ದೆಯೇ ಗೊತ್ತುಪಡಿಸಿದ ಮೊತ್ತವನ್ನು ಕೇಳಿದರೆ, ಪ್ರತಿ ಉಲ್ಲಂಘನೆಗೆ ಹೆಚ್ಚೆಂದರೆ 25 ಸಾವಿರ ರೂಪಾಯಿ, ಒಂದು ವಿನ್ಯಾಸಕ್ಕೆ ಒಟ್ಟಾರೆ 50 ಸಾವಿರ ರೂಪಾಯಿಯಷ್ಟೇ ಮಿತಿ.

ಸಾಂಪ್ರದಾಯಿಕ ಕಸೂತಿಯಲ್ಲಿ ಪ್ರಶ್ನೆ ತಿರುಗುಮುರುಗಾಗುತ್ತದೆ: ಅಲ್ಲಿ ಅನುಮತಿ ಕೊಡುವ ಅಧಿಕಾರ ಯಾರಿಗಿದೆ ಎಂಬುದೇ ಮೊದಲ ಪ್ರಶ್ನೆ. ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆಯುವ ಪದ್ಧತಿಯಿಲ್ಲ. ಎಳೆ ಎಣಿಸಿ, ಗಂಟು ಹಾಕದೆ, ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿ ವೃಂದಾವನ, ಆನೆ ಅಂಬಾರಿಗಳನ್ನು ಇಳಕಲ್ ಸೀರೆಯ ಮೇಲೆ ಎಬ್ಬಿಸುತ್ತ ಬಂದವರು ಹೆಸರು ಹೇಳಿಕೊಳ್ಳದ ಹೆಂಗಸರು. ಆ ಗೋಪುರವನ್ನು ಚೌಕುಳಿ ಕಾಗದದ ಮೇಲೆ ಇಳಿಸಿ ಪುಸ್ತಕವಾಗಿ ಮಾರುವವರಿಗೆ ತಮ್ಮ ಪುಸ್ತಕದ ಮೇಲೆ, ತಾವು ಹೊಸದಾಗಿ ಮಾಡಿದ ಜೋಡಣೆಯ ಮೇಲೆ ಹಕ್ಕಿದೆ, ಗೋಪುರದ ಮೇಲಿಲ್ಲ. ಸುಪ್ರೀಂ ಕೋರ್ಟ್ 2007ರ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿದಂತೆ, ಬರೀ ಶ್ರಮದಿಂದ ಕೃತಿಸ್ವಾಮ್ಯ ಹುಟ್ಟುವುದಿಲ್ಲ, ಅದಕ್ಕೆ ಕನಿಷ್ಠ ಮಟ್ಟದ ಸೃಜನಶೀಲತೆ ಬೇಕು. ಕರ್ನಾಟಕದ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಇದ್ದರೂ ಅದು ಕಾಯುವುದು ಹೆಸರನ್ನು. ದೂರದ ಕಾರ್ಖಾನೆಯೊಂದು ಅದೇ ತೇರನ್ನು ಯಂತ್ರದಲ್ಲಿ ಹೊಲಿದು ಕಸೂತಿ ಎಂಬ ಹೆಸರು ಬಳಸದೆ ಮಾರಿದರೆ ಜಿಐ ಕಾಯ್ದೆಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಹೀಗಿರುವಾಗ ಹಳೆಯ ಚಿತ್ತಾರಗಳ ಹಾಳೆಗೆ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂದು ಮುದ್ರೆ ಒತ್ತುವುದು ಸಮುದಾಯದ ಸ್ವತ್ತಿಗೆ ಖಾಸಗಿ ಬೇಲಿ ಹಾಕಿದಂತೆಯೇ ಸರಿ.

ಕಾನೂನು ಬದಲಾಗುವವರೆಗೂ ಅನುಮತಿ ಪತ್ರವನ್ನು ಸರಿಯಾಗಿ ಬರೆಯುವುದು ವಿನ್ಯಾಸಕಾರರ ಕೈಯಲ್ಲೇ ಇದೆ. ಪರವಾನಗಿ ಲಿಖಿತವಾಗಿರಬೇಕೆಂದು ಸೆಕ್ಷನ್ 30 ಹೇಳುತ್ತದೆ. ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ 5 ವರ್ಷ, ಪ್ರದೇಶವನ್ನು ನಮೂದಿಸದಿದ್ದರೆ ಭಾರತ ಎಂದು ಕಾಯ್ದೆಯೇ ಭಾವಿಸಿಕೊಳ್ಳುತ್ತದೆ. ಆದ್ದರಿಂದ ಹಾಳೆಯನ್ನು ನಕಲು ಮಾಡಬಹುದೇ, ಪಂಚಿಂಗ್ ಕಡತ ಮಾಡಿಸಬಹುದೇ, ಕೈಕೆಲಸಕ್ಕೆ ಮಾತ್ರವೋ ಯಂತ್ರಕ್ಕೂ ಸೇರಿಯೋ, ಎಷ್ಟು ಉಡುಪು, ಎಷ್ಟು ಕಾಲ, ಎಲ್ಲಿ ಮಾರಾಟ, ರಚಿಸಿದವರ ಹೆಸರನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗಳಿಗೆ ದರ್ಜಿಗೆ ಅರ್ಥವಾಗುವ ಕನ್ನಡದಲ್ಲಿ, ಕೊಳ್ಳುವ ಮೊದಲೇ ಓದಲು ಸಿಗುವಂತೆ ಉತ್ತರ ಕೊಟ್ಟ ಅರ್ಧ ಪುಟವು ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂಬ ಸಾಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಒಟ್ಟು 50ಕ್ಕಿಂತ ಹೆಚ್ಚು ಉಡುಪುಗಳಿಗೆ ಒಪ್ಪಿಗೆ ಕೊಡುವ ಇರಾದೆ ಇದ್ದರೆ, ಪ್ರಕಟಿಸುವ ಮೊದಲೇ ವಿನ್ಯಾಸವನ್ನು ನೋಂದಾಯಿಸುವುದು ಅನಿವಾರ್ಯ.

ಆದರೂ ಈ ಭಾರವನ್ನೆಲ್ಲ ಸಣ್ಣ ಕಸುಬುದಾರರ ತಲೆಗೇ ಕಟ್ಟುವುದು ನ್ಯಾಯವಲ್ಲ. ನಮ್ಮ ಕೃತಿಸ್ವಾಮ್ಯ ಕಾನೂನಿಗೆ ಮೂಲ ಮಾದರಿಯಾದ ಬ್ರಿಟನ್, ಕೈಗಾರಿಕಾ ರೀತಿಯಲ್ಲಿ ತಯಾರಾದ ಕಲಾಕೃತಿಗಳ ಕೃತಿಸ್ವಾಮ್ಯವನ್ನು ಮೊಟಕುಗೊಳಿಸುತ್ತಿದ್ದ ತನ್ನ ಸೆಕ್ಷನ್ ಅನ್ನು 2016ರಲ್ಲಿ ರದ್ದುಪಡಿಸಿತು. ಐರೋಪ್ಯ ಒಕ್ಕೂಟವು 2002ರ ನಿಯಮದ ಮೂಲಕ, ನೋಂದಾಯಿಸದ ವಿನ್ಯಾಸಕ್ಕೂ ಪ್ರಕಟವಾದ ದಿನದಿಂದ 3 ವರ್ಷಗಳ ರಕ್ಷಣೆ ಕೊಟ್ಟಿದೆ. ಋತುವಿನಿಂದ ಋತುವಿಗೆ ಬದಲಾಗುವ ಉಡುಪಿನ ಲೋಕಕ್ಕೆ ಈ ಎರಡನೆಯ ದಾರಿಯೇ ಹೆಚ್ಚು ಒಪ್ಪುತ್ತದೆ: ಮೂರು ವರ್ಷ ಕಳೆದ ಮೇಲೆ ಚಿತ್ತಾರ ಎಲ್ಲರದಾಗುವುದರಿಂದ ಉದ್ಯಮಕ್ಕೂ ತೊಡಕಾಗದು, ಅಲ್ಲಿಯವರೆಗೆ ರಚಿಸಿದವರ ಪಾಲೂ ಕೈತಪ್ಪದು. ಅದಕ್ಕೂ ಮೊದಲು ಮಾಡಬಹುದಾದ ತಿದ್ದುಪಡಿಯೊಂದಿದೆ: ಸೆಕ್ಷನ್ 15(2)ರ ಲೆಕ್ಕದಿಂದ, ಪರವಾನಗಿ ಪಡೆದ ಬಿಡಿ ಕಸುಬುದಾರರು ಕೈಯಲ್ಲಿ ಮಾಡಿದ ಪ್ರತಿಗಳನ್ನು ಕೈಬಿಡುವುದು. ಅನುಮತಿ ಕೊಟ್ಟವರಿಗೆ ಅದರಿಂದಲೇ ನಷ್ಟವಾಗುವ ವ್ಯವಸ್ಥೆಯಲ್ಲಿ ಯಾರೂ ಅನುಮತಿ ಕೊಡಲು ಮುಂದೆ ಬರುವುದಿಲ್ಲ, ಕೊಡುವವರಿಲ್ಲದ ಕಡೆ ಕೇಳುವ ರೂಢಿಯೂ ಬೆಳೆಯುವುದಿಲ್ಲ.