‘ಮೂಕ’ ಎಂಬ ಪದವನ್ನು ಕೈಬಿಡೋಣ

ಕಸಾಯಿಖಾನೆಯತ್ತ ಸಾಗುವ ದನಕರುಗಳನ್ನು ಕಂಡು ನಾವು ‘ಮೂಕಪ್ರಾಣಿಗಳು’ ಎಂದು ಮರುಗುತ್ತೇವೆ. ಅದೇ ‘ಮೂಕ’ ಶಬ್ದವನ್ನು ಕಿವಿ ಕೇಳಿಸದ ಮನುಷ್ಯರಿಗೂ ಅಂಟಿಸಿದ್ದೇವೆ. ಎರಡೂ ಕಡೆ ನಮ್ಮ ಮನಸ್ಸಿನಲ್ಲಿರುವುದು ಕರುಣೆಯೇ ಇರಬಹುದು. ಆದರೆ ಎರಡನೆಯ ಕರುಣೆಯ ತಳದಲ್ಲಿ ಒಂದು ಅಸತ್ಯವಿದೆ. ಹಸುವಿಗೆ ತನ್ನ ನೋವನ್ನು ವಾಕ್ಯವಾಗಿ ಹೇಳಲು ಭಾಷೆಯಿಲ್ಲ, ಕಿವುಡರಿಗೆ ಇದೆ. ಅದು ಬಾಯಿಂದಲ್ಲದೆ ಕೈಯಿಂದ ಹೊರಡುತ್ತದೆ, ಕಿವಿಯನ್ನಲ್ಲದೆ ಕಣ್ಣನ್ನು ಮುಟ್ಟುತ್ತದೆ. ಭಾಷೆಯುಳ್ಳವರನ್ನು ಭಾಷಾಹೀನರೆಂದು ಕರೆಯುವುದು ಹಿಂಸೆಯಲ್ಲವೇ? ವಚನದಿಂದಲೂ ಹಿಂಸೆಯಾಗುತ್ತದೆ ಎಂದು ಬಲ್ಲ ಸಮಾಜಕ್ಕೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಂಜ್ಞಾಭಾಷೆಯೆಂದರೆ ಹಸಿವಾದಾಗ ಹೊಟ್ಟೆ ಮುಟ್ಟಿ ತೋರಿಸುವಂಥ ಸನ್ನೆಗಳ ಕಂತೆಯೆಂಬ ಭ್ರಮೆ ವಿದ್ಯಾವಂತರಲ್ಲೂ ಇದೆ. ಅಮೆರಿಕದ ಗ್ಯಾಲೊಡೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ವಿಲಿಯಂ ಸ್ಟೋಕಿ 1960ರಲ್ಲಿಯೇ ಈ ಭ್ರಮೆಯನ್ನು ಶಾಸ್ತ್ರೀಯವಾಗಿ ಒಡೆದರು. ಮಾತಿನಲ್ಲಿ ಅಕ್ಷರಧ್ವನಿಗಳು ಕೂಡಿ ಪದವಾಗುವಂತೆ, ಸಂಜ್ಞೆಯಲ್ಲಿ ಕೈಯ ಆಕಾರ, ಅದರ ಸ್ಥಾನ ಹಾಗೂ ಚಲನೆ ಕೂಡಿ ಪದವಾಗುತ್ತದೆಂದು ಅವರು ತೋರಿಸಿದರು. ಇದು ಜಗತ್ತಿಗೆಲ್ಲ ಒಂದೇ ಆದ ಭಾಷೆಯೂ ಅಲ್ಲ. ಬ್ರಿಟನ್ನಿನ ಕಿವುಡರ ಸಂಜ್ಞೆ ಅಮೆರಿಕದ ಕಿವುಡರಿಗೆ ಅರ್ಥವಾಗದು. ನಮ್ಮ ಭಾರತೀಯ ಸಂಜ್ಞಾಭಾಷೆಯಲ್ಲಿ ಪ್ರಶ್ನಾರ್ಥಕ ಪದವು ವಾಕ್ಯದ ಕೊನೆಗೆ ಬರುತ್ತದೆ. ಮುಖದ ಚಹರೆಯೂ ವ್ಯಾಕರಣದ ಅಂಗವೇ ಆಗಿರುತ್ತದೆ.

ಹಾಗಿದ್ದರೆ ನಮ್ಮ ಭ್ರಮೆಯನ್ನು ಪೋಷಿಸುತ್ತಿರುವವರು ಯಾರು? ಬಹುಮಟ್ಟಿಗೆ ಸಿನಿಮಾ ಎಂದು ನಾನು ಹೇಳುತ್ತೇನೆ. 1972ರಲ್ಲಿ ಬಂದ ಗುಲ್ಜಾರರ ‘ಕೋಶಿಶ್’ ಕಿವುಡ ದಂಪತಿಗಳ ಸಂಸಾರವನ್ನು ಗೌರವದಿಂದ ಚಿತ್ರಿಸಿತು. ಅದರ ಸದ್ಭಾವನೆಯನ್ನು ಅಲ್ಲಗಳೆಯಲಾಗದು. ಆದರೆ ಆ ದಂಪತಿಗಳಾಗಿ ನಟಿಸಿದವರು ಕೇಳಬಲ್ಲ ಸಂಜೀವ್ ಕುಮಾರ್ ಮತ್ತು ಜಯಾ ಭಾದುರಿ. 1996ರ ‘ಖಾಮೋಶಿ’ಯಲ್ಲಿಯೂ ಕಿವುಡ ತಂದೆತಾಯಿಗಳು ಕೇಳಬಲ್ಲ ನಟರೇ. ಆ ಚಿತ್ರದ ಮಗಳಿಗೆ ಕಿವಿ ಕೇಳಿಸುತ್ತದೆ, ಆಕೆ ಗಾಯಕಿ. 2021ರ ಅಮೆರಿಕದ ‘ಕೋಡಾ’ ಚಿತ್ರದ್ದೂ ಹೆಚ್ಚುಕಡಿಮೆ ಇದೇ ಕಥೆ: ಕಿವುಡ ಕುಟುಂಬ, ಹಾಡುವ ಮಗಳು. ಅಲ್ಲಿ ತಂದೆತಾಯಿಗಳ ಪಾತ್ರಗಳನ್ನು ಕಿವುಡ ಕಲಾವಿದರೇ ವಹಿಸಿದರು. ತಂದೆಯಾಗಿ ನಟಿಸಿದ ಟ್ರಾಯ್ ಕೋಟ್ಸರ್‌ಗೆ 2022ರಲ್ಲಿ ಆಸ್ಕರ್ ದೊರೆಯಿತು. ಇದು ದೊಡ್ಡ ಮುನ್ನಡೆ. ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. ಕಿವುಡರ ಬಾಳನ್ನು ಹೇಳಹೊರಟವರಿಗೆ ಸಂಗೀತವೇ ಏಕೆ ಬೇಕಾಗುತ್ತದೆ? ಕಿವುಡರಿಗೆ ಏನಿಲ್ಲವೋ ಅದರಿಂದಲೇ ಅವರನ್ನು ಅಳೆಯುವ ನಮ್ಮ ಚಟ ಇಲ್ಲಿಯೂ ಬಿಟ್ಟಿಲ್ಲ.

ಈ ಚಟಕ್ಕೆ ಮದ್ದಾಗಬಲ್ಲ ಒಂದು ಪುಸ್ತಕವಿದೆ. ಮಾನವಶಾಸ್ತ್ರಜ್ಞೆ ನೋರಾ ಎಲೆನ್ ಗ್ರೋಸ್ 1985ರಲ್ಲಿ ಪ್ರಕಟಿಸಿದ ‘ಎವ್ರಿವನ್ ಹಿಯರ್ ಸ್ಪೋಕ್ ಸೈನ್ ಲ್ಯಾಂಗ್ವೇಜ್’. ‘ಇಲ್ಲಿ ಎಲ್ಲರೂ ಸಂಜ್ಞಾಭಾಷೆ ಆಡುತ್ತಿದ್ದರು’ ಎಂದು ಅದರ ಅರ್ಥ. ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಾಚೆಗಿನ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ಎರಡು ಶತಮಾನಗಳಿಗೂ ಮಿಕ್ಕಿ ಅನುವಂಶೀಯ ಕಿವುಡುತನವಿತ್ತು. ಅಲ್ಲಿನ ಚಿಲ್‌ಮಾರ್ಕ್ ಊರಿನಲ್ಲಿ ಒಂದು ಕಾಲಕ್ಕೆ ಇಪ್ಪತ್ತೈದು ಜನರಿಗೊಬ್ಬರು ಕಿವುಡರು. ಪರಿಣಾಮವೇನಾಯಿತು? ಇಡೀ ಊರೇ ಸಂಜ್ಞಾಭಾಷೆ ಕಲಿಯಿತು. ಮೀನುಗಾರರು ಒಂದು ದೋಣಿಯಿಂದ ಇನ್ನೊಂದು ದೋಣಿಗೆ ಕೈಯಲ್ಲಿಯೇ ಮಾತಾಡಿದರು. ಅಂಗಡಿಯ ಹರಟೆಯಲ್ಲಿ, ಊರಿನ ಸಭೆಯಲ್ಲಿ ಅದೇ ಭಾಷೆ ನಡೆಯಿತು. ಕಿವುಡರು ಮದುವೆಯಾದರು, ಮನೆ ಕಟ್ಟಿದರು, ದುಡಿದು ಬದುಕಿದರು. ಗ್ರೋಸ್ ಮಾತಾಡಿಸಿದ ವೃದ್ಧರಿಗೆ, ತಾವು ನೆನೆಯುತ್ತಿರುವ ನೆರೆಯವನು ಒಳ್ಳೆಯ ಮೀನುಗಾರನಾಗಿದ್ದುದು ಮೊದಲು ನೆನಪಾಗುತ್ತಿತ್ತು. ಅವನು ಕಿವುಡನೆಂಬುದನ್ನು ಆಕೆ ಕೇಳಿದ ಮೇಲೆ ನೆನಪಿಸಿಕೊಂಡದ್ದುಂಟು. ಅಲ್ಲಿ ಯಾರ ಕಿವಿಯೂ ಗುಣವಾಗಿರಲಿಲ್ಲ. ನೆರೆಹೊರೆ ಭಾಷೆ ಕಲಿತಿತ್ತು, ಅಷ್ಟೆ. ಹೊರಗಿನವರೊಡನೆ ವಿವಾಹಗಳು ಹೆಚ್ಚಿದಂತೆ ಆ ಅನುವಂಶ ಕ್ಷೀಣಿಸಿ, 1952ರಲ್ಲಿ ಅದರ ಕೊನೆಯ ವ್ಯಕ್ತಿ ತೀರಿಕೊಂಡರು.

ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ವಿದ್ವಾಂಸರು ಹಿಡಿದರು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ, ಶಾಲೆಗಳಲ್ಲಿ ಸಂಜ್ಞೆ ಸಲ್ಲದು, ತುಟಿಯ ಮಾತೇ ಸರಿ ಎಂದು ನಿರ್ಣಯಿಸಿತು. ನಿರ್ಣಯಿಸಿದವರಲ್ಲಿ ಬಹುತೇಕ ಎಲ್ಲರೂ ಕೇಳಬಲ್ಲವರು! ಅಂದಿನಿಂದ ತಲೆಮಾರುಗಳ ಕಾಲ ಮಕ್ಕಳು ಕೈಯಾಡಿಸಿದ್ದಕ್ಕೆ ಶಿಕ್ಷೆ ಅನುಭವಿಸಿದರು. 2010ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಅದೇ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು. ನೂರಮೂವತ್ತು ವರ್ಷಗಳು ಬೇಕಾದವು.

‘ಈಗ ಶ್ರವಣಯಂತ್ರವಿದೆ, ಕಾಕ್ಲಿಯರ್ ಶಸ್ತ್ರಚಿಕಿತ್ಸೆಯಿದೆ, ಸಂಜ್ಞೆ ಕಲಿತರೆ ಮಗು ಮಾತು ಕಲಿಯಲು ಸೋಮಾರಿಯಾಗುತ್ತದೆ’ ಎಂಬ ವಾದವನ್ನು ನಮ್ಮ ಮನೆಗಳಲ್ಲಿಯೂ ಕೇಳುತ್ತೇವೆ. ಯಂತ್ರ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಯಂತ್ರ ಎಲ್ಲ ಮಕ್ಕಳಿಗೂ ಒಂದೇ ಬಗೆಯ ಫಲ ಕೊಡುವುದಿಲ್ಲ. ಭಾಷೆ ಬೇರೂರುವ ಎಳವೆಯೋ ಯಾರಿಗಾಗಿಯೂ ಕಾಯುವುದಿಲ್ಲ. ಕಿವುಡ ಮಕ್ಕಳಲ್ಲಿ ಬಹುಪಾಲು ಮಂದಿ ಕೇಳಬಲ್ಲ ತಂದೆತಾಯಿಗಳಿಗೇ ಹುಟ್ಟುತ್ತಾರೆ. ಮನೆಯವರು ಕೈಭಾಷೆ ಕಲಿಯಲು ನಾಚಿದರೆ ಆ ಮಗು ತುಂಬಿದ ಮನೆಯಲ್ಲಿ ಅನಾಥ. ಎರಡು ಭಾಷೆ ಕಲಿತದ್ದರಿಂದ ಕೆಟ್ಟ ಮಗುವನ್ನು, ಮನೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುತ್ತ ಬೆಳೆದ ನಮ್ಮ ಕರಾವಳಿಯ ಜೈನ ಕುಟುಂಬಗಳಲ್ಲಿ ಯಾರಾದರೂ ಕಂಡಿದ್ದಾರೆಯೇ?

ನಮ್ಮ ಟ್ರಸ್ಟುಗಳು ಶ್ರವಣಯಂತ್ರ ದಾನಮಾಡುವುದು ಸ್ತುತ್ಯ. ಆದರೆ ಯಂತ್ರ ಪಡೆದವರು ದಾನಿಗಳೊಡನೆ ಛಾಯಾಚಿತ್ರಕ್ಕೆ ನಿಂತು, ಮುಂದಿನ ಪ್ರವಚನಕ್ಕೆ ಬಂದಾಗ ಅವರಿಗೆ ದಕ್ಕುವುದೇನು? 2011ರ ಜನಗಣತಿ ಈ ದೇಶದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಶ್ರವಣದೋಷವನ್ನು ಗುರುತಿಸಿತು. ಅವರಲ್ಲಿ ನಮ್ಮವರಿಲ್ಲವೆಂದು ಭಾವಿಸಲು ಕಾರಣವಿಲ್ಲ. ದೆಹಲಿಯ ಭಾರತೀಯ ಸಂಜ್ಞಾಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಹತ್ತು ಸಾವಿರ ಪದಗಳ ನಿಘಂಟನ್ನು ಹೊರತಂದಿದೆ. ಬಸದಿಯ ಪುಸ್ತಕಭಂಡಾರದಲ್ಲಿ ಗ್ರೋಸರ ಪುಸ್ತಕಕ್ಕೂ, ಪಾಠಶಾಲೆಯ ರಜಾದಿನಗಳಲ್ಲಿ ಸಂಜ್ಞಾಭಾಷೆಯ ತರಗತಿಗೂ ಸ್ಥಳ ದೊರೆಯಲಿ. ಕಲಿಸುವವರು ಕಿವುಡರೇ ಆಗಿರಲಿ. ಪ್ರವಚನಮಂದಿರದ ಧ್ವನಿವರ್ಧಕಕ್ಕೆ ಹಣ ಮಂಜೂರು ಮಾಡುವ ಸಭೆಯಲ್ಲಿಯೇ ಸಂಜ್ಞಾಭಾಷೆಯ ದುಭಾಷಿಯ ಗೌರವಧನವನ್ನೂ ಮಂಜೂರು ಮಾಡಬಹುದು. ಆ ಸಭೆಗೆ ಸಮಾಜದ ಕಿವುಡ ಸದಸ್ಯರನ್ನು ಕರೆಯುವುದು ಮಾತ್ರ ಮರೆಯಬಾರದು.