ತೋಟವೋ, ನಿವೇಶನವೋ?

ಬೆಂಗಳೂರಿನಲ್ಲಿ ದುಡಿದು ಕೂಡಿಟ್ಟ ಹಣವನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟದಲ್ಲಿ ತೊಡಗಿಸಬೇಕೆಂಬ ಬಯಕೆ ನಮ್ಮ ಅನೇಕ ಕುಟುಂಬಗಳಲ್ಲಿದೆ. ಬಯಕೆ ತಪ್ಪಲ್ಲ. ಕೃಷಿಕರಲ್ಲದವರಿಗೆ ಅಡ್ಡಿಯಾಗಿದ್ದ ಭೂ ಸುಧಾರಣಾ ಕಾಯಿದೆಯ 79-ಎ, 79-ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಆದರೆ ‘ಕೃಷಿ ಜಮೀನು’ ಎಂಬ ಒಂದೇ ಮಾತಿಗೆ ಕಂದಾಯ ಕಚೇರಿಯಲ್ಲಿ ಒಂದು ಅರ್ಥ, ಆದಾಯ ತೆರಿಗೆಯವರಲ್ಲಿ ಇನ್ನೊಂದು ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ.

ಗ್ರಾಮಾಂತರದ ಕೃಷಿ ಜಮೀನನ್ನು ಮಾರಿ ಬಂದ ಲಾಭಕ್ಕೆ ತೆರಿಗೆಯಿಲ್ಲ. ಆದರೆ ಗ್ರಾಮಾಂತರವೆಂದರೆ ಯಾವುದು? ಹತ್ತು ಸಾವಿರಕ್ಕೆ ಮೇಲ್ಪಟ್ಟು ಒಂದು ಲಕ್ಷದವರೆಗೆ ಜನರಿರುವ ಪಟ್ಟಣದ ಎಲ್ಲೆಯಿಂದ 2 ಕಿಲೋಮೀಟರಿನೊಳಗಿನ ಜಮೀನು ಗ್ರಾಮಾಂತರದ್ದಲ್ಲ. 2011ರ ಜನಗಣತಿಯಂತೆ ಈ ಮೂರು ಪಟ್ಟಣಗಳೂ ಈ ವರ್ಗದವೇ. ದೂರವನ್ನು ರಸ್ತೆಯಲ್ಲಿ ಅಳೆಯಬೇಕೋ ನೇರವಾಗಿ ಅಳೆಯಬೇಕೋ ಎಂಬ ವ್ಯಾಜ್ಯ ಬಹುಕಾಲ ನಡೆದು, 2013ರ ಹಣಕಾಸು ಕಾಯಿದೆಯಲ್ಲಿ ನೇರ ದೂರವೆಂದು ಇತ್ಯರ್ಥವಾಯಿತು. ಬಸ್ಸಿನ ದಾರಿ ಮೂರು ಕಿಲೋಮೀಟರ್ ಇದ್ದರೂ, ಕೆರೆಯ ಮೇಲೆ ಹಾರುವ ಕಾಗೆಯ ದಾರಿ ಎರಡರೊಳಗಿದ್ದರೆ ತೆರಿಗೆ ತಪ್ಪದು. ಅಳತೆ ಬಸ್ ನಿಲ್ದಾಣದಿಂದಲ್ಲ, ಪಟ್ಟಣದ ಎಲ್ಲೆಯಿಂದ.

ಪಹಣಿಯಲ್ಲಿ ‘ತೆಂಗು’ ಎಂದಿದ್ದರೆ ಸಾಕೆನ್ನುವ ಮಧ್ಯವರ್ತಿಗಳುಂಟು. ಸಾಲದು. ಸೂರತ್ತಿನ ಜಮೀನೊಂದರ ಮೊಕದ್ದಮೆಯಲ್ಲಿ 1993ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಂದಾಯ ದಾಖಲೆಯಲ್ಲಿ ಕೃಷಿಯೆಂದಿದ್ದರೂ ಕೃಷಿಯೇತರ ಉದ್ದೇಶಕ್ಕೆ ವಸತಿ ಸಹಕಾರ ಸಂಘಕ್ಕೆ ಮಾರಿದ್ದನ್ನು ಕೃಷಿ ಜಮೀನೆಂದು ಒಪ್ಪಲಿಲ್ಲ. ಅಂದಮೇಲೆ ‘ಐದು ಗುಂಟೆ ತೋಟ’ ಎಂದು ತುಂಡರಿಸಿ ಮಾರುವ ಜಾಹೀರಾತುಗಳನ್ನು ನೋಡಿದಾಗ ನಮಗೆ ಅಂಜಿಕೆಯಾಗುತ್ತದೆ. ಭೂಪರಿವರ್ತನೆಯೂ ಬಡಾವಣೆಯ ಮಂಜೂರಾತಿಯೂ ಇಲ್ಲದ ತುಂಡು, ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೆ ಮನೆಯ ನಿವೇಶನವಾಗದು. ಸರ್ವೆ ನಂಬರಿನ ಭಾಗವನ್ನು ಕೊಳ್ಳುವುದಾದರೆ 11-ಇ ನಕ್ಷೆ ಕೇಳಿರಿ. ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ 1978ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು. ಅದಿಲ್ಲದ ಕ್ರಯ ನಿಲ್ಲದು.

ಇನ್ನು ಫಸಲಿನ ಮಾತು. ಸ್ವಂತ ತೋಟದ ಕಾಯನ್ನು ಅಟ್ಟದಲ್ಲಿ ವರ್ಷದ ಹತ್ತಿರ ಒಣಗಿಸಿ ಮಾಡಿದ ಕೊಬ್ಬರಿ ಕೃಷಿ ಆದಾಯವೇ. ನೆರೆಯವರ ಕಾಯನ್ನು ಕೊಂಡು ಅದೇ ಅಟ್ಟಕ್ಕೆ ಏರಿಸಿದರೆ ಅದು ವ್ಯಾಪಾರ. ಮಂಡಿಯ ಚೀಟಿ ಇವೆರಡನ್ನು ಬೇರ್ಪಡಿಸಿ ಹೇಳುವುದಿಲ್ಲ. ಮನೆಯ ಪುಸ್ತಕವೇ ಹೇಳಬೇಕು. ತೆರಿಗೆಯಿಲ್ಲವೆಂದರೆ ಲೆಕ್ಕವಿಲ್ಲವೆಂದಲ್ಲ; ಸಂಬಳದಾರರು ತಮ್ಮ ರಿಟರ್ನಿನಲ್ಲಿ ಕೃಷಿ ಆದಾಯವನ್ನೂ ತೋರಿಸಬೇಕು.

ಇವೆಲ್ಲಕ್ಕಿಂತ ಹೆಚ್ಚು ತೋಟಗಳನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸುವುದು ಮನೆಯ ಹೆಣ್ಣುಮಕ್ಕಳ ಸಹಿಯೇ ಎಂಬುದು ನಮ್ಮ ಎಣಿಕೆ. ಕರ್ನಾಟಕದ 1994ರ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಕೊಟ್ಟಿತಾದರೂ, ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆದ ವಿಭಾಗಗಳು ಕದಲವು. ‘ಮದುವೆಗೆ ಖರ್ಚು ಮಾಡಿದ್ದೇವೆ, ಅವಳದ್ದೇನೂ ಇಲ್ಲ’ ಎಂದು ಅಣ್ಣತಮ್ಮಂದಿರು ಹೇಳಿದರೆ ಕೊಳ್ಳುವವರು ಮುಂಗಡವನ್ನು ಜೇಬಿನಲ್ಲಿಯೇ ಇರಿಸಿಕೊಂಡು ವಂಶವೃಕ್ಷ ತರಿಸಲಿ. ಸಹಿ ಹಾಕಲು ಬಂದ ಅಕ್ಕತಂಗಿಯರಿಗೆ ಅವರ ಪಾಲಿನ ಹಣ ಅವರದೇ ಖಾತೆಗೆ ಸಂದಿದೆಯೇ ಎಂದೂ ಕೇಳಲಿ.