ಸ್ಪರ್ಧೆಗೆ ವೇದಿಕೆಯಿದೆ, ಪಾಠಕ್ಕೆ ಮೇಷ್ಟ್ರಿಲ್ಲ

ಪ್ರತಿಭಾ ಕಾರಂಜಿ ಹತ್ತಿರ ಬಂದರೆ ಸರ್ಕಾರಿ ಶಾಲೆಗಳಲ್ಲಿ ಹುಡುಕಾಟ ಶುರು. ‘ಚೆನ್ನಾಗಿ ಹಾಡೋರು ಯಾರಿದ್ದೀರಿ? ಕೈ ಎತ್ತಿ.’ ತರಗತಿಯಲ್ಲಿ ಎರಡೋ ಮೂರೋ ಕೈ ಮೇಲೇಳುತ್ತವೆ. ಭಾವಗೀತೆಗೆ ಒಬ್ಬಳು, ಜಾನಪದ ಗೀತೆಗೆ ಒಬ್ಬ ಎಂದು ಹೆಸರು ಬರೆದುಕೊಂಡರೆ ಆಯಿತು. ಉಳಿದವರು ಚಪ್ಪಾಳೆ ತಟ್ಟಬೇಕು.

ಹೋದ ವರ್ಷ ನನ್ನ ತಂಗಿ ಕೈ ಎತ್ತಿದ್ದಳು. ಕ್ಲಸ್ಟರ್ ಮಟ್ಟದ ಸ್ಪರ್ಧೆಗೆ ಅವಳು ಹಾಡು ಕಲಿತದ್ದು ಮೊಬೈಲ್ ನೋಡಿ. ಗೆದ್ದ ಹುಡುಗಿ ಪಟ್ಟಣದಲ್ಲಿ ಸಂಗೀತದ ಕ್ಲಾಸಿಗೆ ಹೋಗುವವಳು. ಚೆನ್ನಾಗಿಯೇ ಹಾಡಿದಳು, ತಕರಾರಿಲ್ಲ. ಆದರೆ ಈ ವರ್ಷ ತಂಗಿ ಕೈ ಎತ್ತಲಿಲ್ಲ. ‘ನಂಗೆ ಹಾಡೋಕೆ ಬರಲ್ಲ’ ಅಂದಳು. ಅವಳಿಗೆ ಯಾರೂ ಕಲಿಸಿರಲೇ ಇಲ್ಲ.

ಕ್ಲಸ್ಟರ್‌ನಿಂದ ರಾಜ್ಯ ಮಟ್ಟದವರೆಗೆ ಸ್ಪರ್ಧೆ ನಡೆಸಲು ಸರ್ಕಾರದ ಬಳಿ ಹಣವಿದೆ. 9ರಿಂದ 12ನೇ ತರಗತಿಯವರಿಗೆ ಕೇಂದ್ರವು 2015ರಿಂದ ಕಲಾ ಉತ್ಸವವನ್ನೂ ನಡೆಸುತ್ತಿದೆ. ಪಾಠದ ವಿಷಯಕ್ಕೆ ಬಂದರೆ ಮಾತು ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗಳಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ಚಿತ್ರಕಲೆ, ಸಂಗೀತ ಎಲ್ಲವೂ ಆ ‘ಕಲೆ’ಯೊಳಗೇ ಬಂತು. ಮೂರೂ ತರಗತಿ ಸೇರಿ ನೂರು ದಾಟದ ಹಳ್ಳಿ ಶಾಲೆಗೆ ಅದೂ ಇಲ್ಲ.

‘ಗಣಿತಕ್ಕೇ ಮೇಷ್ಟ್ರಿಲ್ಲ, ಸಂಗೀತಕ್ಕೆ ಎಲ್ಲಿಂದ ತರೋದು?’ ಎಂದು ಕೇಳುವವರಿದ್ದಾರೆ. ಗಣಿತಕ್ಕೆ ಮೇಷ್ಟ್ರು ಬೇಕೇ ಬೇಕು. ಆದರೆ ದುಡ್ಡಿದ್ದವರ ಮಕ್ಕಳಿಗೆ ಎರಡೂ ಸಿಗುವಾಗ, ಇಲ್ಲದವರ ಮಕ್ಕಳು ಮಾತ್ರ ಒಂದನ್ನು ಬಿಟ್ಟುಕೊಡಬೇಕು ಎನ್ನುವುದು ಯಾವ ನ್ಯಾಯ?

ಸಂಗೀತ ಕಲಿಸುವವರೂ ನಮ್ಮಲ್ಲಿ ಇದ್ದಾರೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಪಾಸಾದವರು, ಸಂಗೀತದಲ್ಲಿ ಪದವಿ ಪಡೆದವರು ಕೆಲಸ ಹುಡುಕುತ್ತಿದ್ದಾರೆ. ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವನ್ನೇ ಸರ್ಕಾರ ಸ್ಥಾಪಿಸಿದೆ. ಮೇಲಿನ ಮೆಟ್ಟಿಲು ಕಟ್ಟಿ ಕೆಳಗಿನದನ್ನು ಮರೆತಂತಿದೆ.

ಕಲಿಸುವವರಿದ್ದರೆ ಕಲಿಯುವವರು ಬರುತ್ತಾರೆ ಎಂಬುದಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮವೇ ಸಾಕ್ಷಿ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮತ್ತು ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟು ಸಂಗೀತ ಕಲಿಸಿದರು. ಭಕ್ತರ ಕಾಣಿಕೆಯಿಂದ ಆಶ್ರಮಕ್ಕೆ ಸಾಧ್ಯವಾದದ್ದರಲ್ಲಿ ಒಂದು ಪಾಲಾದರೂ ತೆರಿಗೆ ಹಣದಿಂದ ಸರ್ಕಾರಕ್ಕೆ ಸಾಧ್ಯವಾಗಬೇಡವೇ?

ದೊಡ್ಡ ಯೋಜನೆಯೇನೂ ಬೇಡ. ಅಕ್ಕಪಕ್ಕದ ಐದು ಶಾಲೆಗಳಿಗೆ ಒಬ್ಬ ಸಂಗೀತ ಶಿಕ್ಷಕರು, ದಿನಕ್ಕೊಂದು ಶಾಲೆ. ಪಾಠ ಶಾಲೆಯ ಅವಧಿಯಲ್ಲೇ ನಡೆಯಲಿ. ಸಂಜೆ ಇಟ್ಟರೆ ಬಸ್ ಹಿಡಿಯುವ ಮಕ್ಕಳಿಗೆ, ಮನೆಗೆಲಸ ಕಾದಿರುವ ಹೆಣ್ಣುಮಕ್ಕಳಿಗೆ ತಪ್ಪಿಹೋಗುತ್ತದೆ. ಕೈ ಎತ್ತಿದವರಿಗಷ್ಟೇ ಅಲ್ಲ, ಇಡೀ ತರಗತಿಗೆ ಕಲಿಸಲಿ. ಒಂದು ಹಾರ್ಮೋನಿಯಂ ಶಾಲೆಯಲ್ಲಿರಲಿ, ಬೀಗ ಹಾಕಿದ ಬೀರುವಿನೊಳಗೆ ಬೇಡ.

ಜೊತೆಗೆ ಲೆಕ್ಕ ಇಡುವ ರೀತಿಯೂ ಬದಲಾಗಲಿ. ಪ್ರತಿಭಾ ಕಾರಂಜಿಯಲ್ಲಿ ಎಷ್ಟು ಬಹುಮಾನ ಬಂತು ಎಂದು ಕೇಳುವ ಮೊದಲು, ಈ ವರ್ಷ ಎಷ್ಟು ಮಕ್ಕಳು ಹಾಡಲು ಕಲಿತರು ಎಂದು ಕೇಳೋಣ. ನಮ್ಮೂರಿನ ಎಸ್‌ಡಿಎಂಸಿ ಸಭೆಯಲ್ಲಿ ಈ ಪ್ರಶ್ನೆ ಎತ್ತಲು ನಮಗೆ ಯಾರ ಅಪ್ಪಣೆಯೂ ಬೇಕಿಲ್ಲ.